ಈಲಿಯನ್ನು ಹಿಂದಕ್ಕೆ ಕಳಿಸಿದ ವರ್ಷ

ಬೆಳಿಗ್ಗೆ ಎದ್ದು ಒಲೆಯ ಬೂದಿ ತೆಗೆದೆ. ಎರಡು ಬಿಂದಿಗೆ ಸಿಹಿನೀರು, ನಾಲ್ಕು ಬಿಂದಿಗೆ ಉಪ್ಪುನೀರು ತಂದೆ. ರಾಗಿ ಕೇರಿ ಕಲ್ಲು ಆರಿಸಿದೆ. ಯಜಮಾನರ ಕೋಟಿಗೆ ಗುಂಡಿ ಹೊಲಿದೆ. ಹಳೆಯ ಗುಂಡಿ ಕೋಳಿಯ ಹೊಟ್ಟೆ ಸೇರಿರಬೇಕು, ಎಷ್ಟು ಹುಡುಕಿದರೂ ಸಿಗಲಿಲ್ಲ. ಹಿತ್ತಿಲ ನುಗ್ಗೆಯ ಎರಡು ರೆಂಬೆ ಬಗ್ಗಿಸಿ ಸೊಪ್ಪು ಬಿಡಿಸಿದೆ. ಲಾಂದ್ರದ ಗಾಜು ಒರೆಸಿದೆ. ಪಾವಗಡದಲ್ಲಿ ಮೇಷ್ಟ್ರಾಗಿರುವ ಮಗ ಸಮುವೇಲನ ಕಾಗದ ಬಂದಿತ್ತು, ಅದನ್ನು ಮಗಳು ಕರುಣಾಳಿಗೆ ಎರಡು ಸಲ ಓದಿ ಹೇಳಿದೆ. ಅಲ್ಲಿಯ ಮಕ್ಕಳು ತೆಲುಗಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆಯುತ್ತಾರಂತೆ. ಅದಕ್ಕೆ ಅವಳು ಬಹಳ ನಕ್ಕಳು. ಅವಳು ಹೇಳಿದ ಉತ್ತರವನ್ನು ನಾನು ಬರೆದು, ಕಾಗದ ಮಡಿಸಿ, ಗೋಡೆಯ ಮಾಡದಲ್ಲಿಟ್ಟೆ.

ಇಷ್ಟಾಗುವ ಹೊತ್ತಿಗೆ ಪಕ್ಕದ ಮನೆಯಿಂದ ಈಲಿ ಸುಡುವ ವಾಸನೆ ಬಂತು. ಇವತ್ತು ಶಿರಾದಲ್ಲಿ ಬಕ್ರೀದು. ಕುರಿ ಕೊಯ್ದ ಮನೆಯಲ್ಲಿ ಮೊದಲು ಒಲೆಗೆ ಏರುವುದು ಈಲಿಯೇ. ಪಕ್ಕದ ಮನೆಯ ಜುಲೇಖಾಬಿ ಅದನ್ನು ಕಲೇಜಿ ಅನ್ನುತ್ತಾಳೆ, ಪುಸ್ತಕದಲ್ಲಿ ಯಕೃತ್ತು. ಬೇರೆ ಮಾಂಸಕ್ಕೆ ಹಾಕಿದ ಮಸಾಲೆಯ ವಾಸನೆ ಬರುತ್ತದೆ. ಈಲಿಗೆ ಅದರದೇ ವಾಸನೆ, ಕಾದ ಕಬ್ಬಿಣದ ಮೇಲೆ ನೀರು ಬಿಟ್ಟ ಹಾಗೆ. ನಾನು ಸೊಪ್ಪಿನ ಮೊರ ಹಿಡಿದುಕೊಂಡೇ ಹಿತ್ತಿಲ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹತ್ತು ವರ್ಷದ ಹಿಂದಿನ ಒಂದು ವರ್ಷ ಜನವರಿಯಿಂದ ಡಿಸೆಂಬರಿನವರೆಗೂ ಆ ಹೊಗೆಯ ಜೊತೆ ಗೋಡೆ ದಾಟಿ ಬಂತು.

ಆಗ ನಾವಿದ್ದದ್ದು ಹುಲಿಕುಂಟೆಯ ಕಡೆಯ ಒಂದು ಹಳ್ಳಿಯಲ್ಲಿ. ಯಜಮಾನರು ಮಿಷನ್ನಿನ ಉಪದೇಶಿ. ವಾರಕ್ಕೆ ನಾಲ್ಕು ದಿನ ಸುತ್ತಲಿನ ಊರುಗಳಿಗೆ ನಡೆದು ಹೋಗುವುದು, ಕಾಯಿಲೆಯವರನ್ನು ನೋಡಿ ಬರುವುದು, ಭಾನುವಾರ ಆರಾಧನೆ ನಡೆಸುವುದು ಅವರ ಕೆಲಸ. ನಮ್ಮನ್ನು ಬಿಟ್ಟರೆ ಊರಲ್ಲಿ ಕ್ರೈಸ್ತರ ಮನೆ ಮೂರೇ. ಉಳಿದವರು ಹೆಚ್ಚಾಗಿ ಕುರಿ ಸಾಕುವ ಕುರುಬರು. ಶಾಲೆ ನಡೆಯುತ್ತಿದ್ದದ್ದು ಗುಡಿಯ ಜಗಲಿಯ ಮೇಲೆ, ನಮ್ಮ ಮಕ್ಕಳು ಆ ಜಗಲಿ ಹತ್ತುವ ಹಾಗಿರಲಿಲ್ಲ. ಕೆಳಗೆ ನಿಂತು ಕೇಳಿಸಿಕೊಳ್ಳಲಿ ಎಂದು ಮೇಷ್ಟ್ರು ಹೇಳಿ ಕಳಿಸಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅವರ ಕೈಲಾದದ್ದು ಅಷ್ಟು. ಸಮುವೇಲ ಒಂದು ವಾರ ಬಿಸಿಲಲ್ಲಿ ನಿಂತು ಬಂದ. ಎಂಟನೆಯ ದಿನ ನಾನೇ ಹೋಗಬೇಡ ಅಂದೆ.

ತುಮಕೂರಿನ ಬೋರ್ಡಿಂಗಿನಲ್ಲಿದ್ದು ಲೋಯರ್ ಸೆಕೆಂಡರಿ ಪಾಸು ಮಾಡಿದವಳು ನಾನು. ಮದುವೆಗೆ ಮುಂಚೆ ಎರಡು ವರ್ಷ ಸಣ್ಣ ಮಕ್ಕಳಿಗೆ ಪಾಠ ಹೇಳಿದ್ದೆ. ನನ್ನ ಮಕ್ಕಳಿಗೆ ನಾನು ಕಲಿಸಲಾರೆನೇ ಎಂಬ ಧೈರ್ಯವಿತ್ತು. ಜಂಬ ಅಂದರೂ ತಪ್ಪಿಲ್ಲ.

ವರ್ಷದ ಮೊದಲ ದಿನ ಬೆಳಗಿನ ಪ್ರಾರ್ಥನೆಯಾದ ಮೇಲೆ, ಬೆಲ್ಲದ ಪಾಯಸ ಕುಡಿದು, ಆ ವರ್ಷ ಏನೇನು ಕಲಿಯಬೇಕು, ಹೇಗೆ ನಡೆದುಕೊಳ್ಳಬೇಕು ಎಂದು ಬರೆದಿಡುವುದು ನಮ್ಮ ಮನೆಯ ಪದ್ಧತಿ. ಆ ವರ್ಷವೂ ಬರೆದೆ. ಸಮುವೇಲನಿಗೆ ಹನ್ನೊಂದು ವರ್ಷ: ತ್ರೈರಾಶಿಯ ಲೆಕ್ಕ, ಮೈಸೂರು ಸೀಮೆಯ ನಕ್ಷೆಯನ್ನು ನೋಡದೆ ಬರೆಯುವುದು. ಕರುಣಾಳಿಗೆ ಎಂಟು ತುಂಬಿತ್ತು: ಒತ್ತಕ್ಷರ ತಡವರಿಸದೆ ಓದುವುದು, ಹದಿನಾರರವರೆಗೆ ಮಗ್ಗಿ, ಸತ್ಯವೇದದ ಹನ್ನೆರಡು ಕೀರ್ತನೆ ಬಾಯಿಪಾಠ. ಇಬ್ಬರಿಗೂ ಸೇರಿಸಿ ಎರಡು ಸಾಲು: ಈಸ್ಟರಿಗೆ ಮುಂಚಿನ ನಲವತ್ತು ದಿನ ತಮಗೆ ಇಷ್ಟವಾದ ಒಂದನ್ನು ಬಿಡುವುದು, ವಿಗ್ರಹಕ್ಕೆ ಒಪ್ಪಿಸಿದ ಊಟವನ್ನು ಯಾರು ಕೊಟ್ಟರೂ ಮರ್ಯಾದೆಯಿಂದ ಬೇಡವೆನ್ನುವುದು. ಕಟ್ಟಕಡೆಗೆ ನನ್ನದೊಂದು: ಸಿಟ್ಟು ಮಾಡದೆ, ಮಕ್ಕಳು ಹೇಳುವುದನ್ನು ಪೂರ್ತಿ ಕೇಳಿ ಕಲಿಸುವುದು.

ಯಜಮಾನರು ಓದಿ ನಕ್ಕರು. "ನಿನ್ನದನ್ನ ಮೇಲೆ ಬರೀಬೇಕಿತ್ತು. ಎಲ್ಲಕ್ಕಿಂತ ಕಷ್ಟದ್ದು ಅದೇ."

"ನಿಮ್ಮದು ಒಂದೂ ಇಲ್ಲವಲ್ಲ, ಬರೆಯಲೇ?" ಅಂದೆ.

"ಊರೂರು ಸುತ್ತೋನಿಗೆ ಕಾಲು ಸವೀದೆ ಇದ್ರೆ ಸಾಕು ಅಂತ ಬರಿ."

ಕಾಗದವನ್ನು ಒಳಬಾಗಿಲ ಹಿಂದೆ ಅಂಟಿಸಿದೆವು. ಒಂದೊಂದು ಮುಗಿದ ಹಾಗೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುವುದೆಂದು ಒಪ್ಪಂದ. ಎಲ್ಲದರ ಹಿಂದೆ ನನಗೊಂದು ಆಸೆಯಿತ್ತು. ಮುಂದಿನ ವರ್ಷದ ಜೂನಿಗೆ ಕರುಣಾ ನಾನು ಓದಿದ ಬೋರ್ಡಿಂಗಿಗೇ ಸೇರಬೇಕು. ಅಲ್ಲಿ ಸೇರಿಸಿಕೊಳ್ಳುವ ಮುಂಚೆ ಕಾಣದ ಪುಸ್ತಕದ ಒಂದು ಪುಟ ಕೊಟ್ಟು ಓದಿಸುತ್ತಾರೆ. ಓದಿದರೆ ಊಟ, ಬಟ್ಟೆ, ಪಾಠ, ಮುಂದೆ ಮೇಷ್ಟರ ಕೆಲಸ. ಓದದಿದ್ದರೆ ನಮ್ಮ ಹಳ್ಳಿ, ನಮ್ಮ ಬಿಸಿಲು.

ಫೆಬ್ರವರಿಯಲ್ಲಿ ನಲವತ್ತು ದಿನ ಶುರುವಾಯಿತು. ಸಮುವೇಲ ಗೋಲಿ ಆಡುವುದನ್ನು ಬಿಟ್ಟ. ಕರುಣಾ ಬಹಳ ಯೋಚನೆ ಮಾಡಿ, "ನಾನು ಹಾಲು ಬಿಡ್ತೀನಿ" ಅಂದಳು. ಮನೆಯಲ್ಲಿ ಒಂದು ಎಮ್ಮೆಯಿತ್ತು. ಕೆನೆ ಕಟ್ಟಿದ ಹಾಲೆಂದರೆ ಅವಳಿಗೆ ಪ್ರಾಣ. ಲೋಟದ ತಳವನ್ನು ಬೆರಳಲ್ಲಿ ಬಳಿದು ನೆಕ್ಕುತ್ತಿದ್ದ ಹುಡುಗಿ. ನಾನು ಬೇಡ ಅನ್ನಲಿಲ್ಲ. ಕಷ್ಟವಾದದ್ದನ್ನೇ ಬಿಟ್ಟಳಲ್ಲ ಎಂದು ಹಿಗ್ಗಿದೆ.

ಬಿಟ್ಟ ಹಾಲನ್ನು ಏನು ಮಾಡುವುದು? ನಮ್ಮ ಮನೆಯ ಎದುರಿಗೇ ಕುರುಬರ ಸಿದ್ದಕ್ಕನ ಹಟ್ಟಿ. ಐವತ್ತು ದಾಟಿದ ಹೆಂಗಸು, ಹೆಗಲ ಮೇಲೆ ಯಾವಾಗಲೂ ಕಂಬಳಿ, ಕೈಯಲ್ಲಿ ಉಣ್ಣೆ ನೂಲುವ ಕದಿರು. ಬಾಣಂತನಕ್ಕೆ ಬಂದಿದ್ದ ಅವಳ ಮಗಳಿಗೆ ಎದೆಹಾಲು ಬತ್ತಿತ್ತು, ಕೂಸು ಹಗಲೆಲ್ಲ ಅಳುತ್ತಿತ್ತು. ಕರುಣಾಳೇ ಲೋಟ ಹಿಡಿದು ಹೋಗಿ ಕೊಟ್ಟು ಬಂದಳು. ನಲವತ್ತು ದಿನವೂ ತಪ್ಪಿಸಲಿಲ್ಲ.

ಸಿದ್ದಕ್ಕ ಒಂದು ದಿನ ನಮ್ಮ ಬಾಗಿಲಿಗೆ ಬಂದು ಹೇಳಿದಳು: "ಅಮ್ನೋರೆ, ನಿಮ್ ಮಗಳು ನನ್ ಮೊಮ್ಮಗೀನ ಉಳ್ಸಿದ್ಲು ಕಣ್ರವ್ವಾ. ಆದ್ರೆ ಅವಳ್ಯಾಕೆ ಇಂಗೆ ಒಣಿಕ್ಕಂಡವ್ಳೆ? ಅವಳ್ ಹಾಲು ಅವಳು ಕುಡೀಲಿ, ಕೂಸಿಗೆ ಇನ್ನೊಂದ್ ಮನೇಲಿ ಇಸ್ಕಂತೀನಿ."

"ಅದು ಅವಳ ವ್ರತ ಸಿದ್ದಕ್ಕ. ನಾವು ಬಲವಂತ ಮಾಡಿಲ್ಲ."

"ನಾವೂ ವ್ರತ ಮಾಡ್ತೀವಿ. ನಮ್ ವ್ರತ ಒಂದೊತ್ತಿಗೆ ಮುಗ್ದೋಯ್ತದೆ. ನಿಮ್ದು ಎಂತದು, ಮುಗಿಯೋದೇ ಇಲ್ವಲ್ಲ!" ಅಂತ ನಕ್ಕು ಹೋದಳು.

ಈಸ್ಟರಿನ ದಿನ ಕಾಗದದ ಮೇಲೆ ಗುರುತು ಹಾಕಿದೆ. ಮಾರನೆಯ ದಿನದಿಂದ ಅವಳು ಹಾಲು ಕುಡಿಯಬಹುದಿತ್ತು, ಅಷ್ಟರಲ್ಲಿ ಎಮ್ಮೆ ಬತ್ತಿತು. ಬೇಸಿಗೆಯ ಎಮ್ಮೆ, ಅದರದೇನು ತಪ್ಪು? ಆ ವರ್ಷ ಸೊಪ್ಪೂ ಇರಲಿಲ್ಲ. ಊರಲ್ಲಿ ಹಸುರು ಕಂಡದ್ದು ಎಕ್ಕದ ಗಿಡ ಒಂದೇ. ಮುದ್ದೆ, ಹುರುಳಿಕಟ್ಟಿನ ಸಾರು, ಉಪ್ಪಿನಕಾಯಿ. ಹೊಟ್ಟೆ ತುಂಬುತ್ತಿತ್ತು, ಆದ್ದರಿಂದ ಕಡಿಮೆ ಬಿದ್ದದ್ದೇನು ಎಂದು ಗೊತ್ತಾಗಲಿಲ್ಲ.

ಮೇ ತಿಂಗಳಲ್ಲಿ ಕರುಣಾಳಿಗೆ ದಡಾರ ಬಂತು. ಊರಿನ ಬಹಳ ಮಕ್ಕಳಿಗೆ ಬಂದಿತ್ತು, ಎರಡು ಕೂಸು ಹೋದವು. ಹನ್ನೆರಡು ದಿನ ಅವಳನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ, ಅಕ್ಕಿಗಂಜಿ ಬಿಟ್ಟು ಬೇರೇನೂ ಕೊಡದೆ ಪಥ್ಯ ನೋಡಿದೆ. ಉಳಿದಳು. ದೇವರಿಗೆ ಸ್ತೋತ್ರ ಹೇಳಿದೆವು. ಮಲಗಿದ್ದಾಗ ನಾನು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದೆ, ಅವಳು ಕಣ್ಣು ಮುಚ್ಚಿಕೊಂಡು ನನ್ನ ಹಿಂದೆಯೇ ಹೇಳುತ್ತಿದ್ದಳು. ಎದ್ದು ಕೂರುವ ಹೊತ್ತಿಗೆ ಹನ್ನೆರಡು ಕೀರ್ತನೆಯಲ್ಲ, ಇಪ್ಪತ್ತರ ಮೇಲೆ ಬಾಯಿಗೆ ಬಂದಿದ್ದವು. ಅದಕ್ಕೂ ಗುರುತು ಹಾಕಿದೆ.

ಜೂನಿನಲ್ಲಿ ಒಂದು ಸಂಜೆ ಸಿದ್ದಕ್ಕನ ಅಂಗಳದಲ್ಲಿ ಏನೋ ಬಿದ್ದ ಸದ್ದು. ಹೋಗಿ ನೋಡಿದರೆ ಕರುಣಾ ಕುರಿಮರಿಯನ್ನು ಎಡವಿ ಮಕಾಡೆ ಬಿದ್ದಿದ್ದಳು. ಮರಿ ಕರಿದೇನೂ ಅಲ್ಲ, ಬಿಳಿಯದು. ಸಿದ್ದಕ್ಕ ಅವಳನ್ನು ಎಬ್ಬಿಸಿ, ಗದ್ದ ಹಿಡಿದು, ಮುಖದ ಮುಂದೆ ಕೈ ಆಡಿಸಿದಳು.

"ಅಮ್ನೋರೆ, ಈ ಮಗೀಗೆ ಇರುಳ್ಗಣ್ಣು ಬಂದೈತೆ. ಹೊತ್ತು ಮುಳುಗಿದ್ರೆ ಇವಳಿಗೆ ಏನೂ ಕಾಣಾಕಿಲ್ಲ, ನೋಡಿ ಬೇಕಾರೆ."

"ನಿತ್ರಾಣ ಸಿದ್ದಕ್ಕ. ಕಾಯಿಲೆ ಬಿದ್ದು ಎದ್ದವಳಲ್ಲವೇ."

"ನಿತ್ರಾಣ ಕಾಲ್ಗಲ್ವಾ ಬರೋದು, ಕಣ್ಗೂ ಬತ್ತದಾ?" ಅಂದಳು ಸಿದ್ದಕ್ಕ.

ನಾನು ಮಗಳ ಮೊಣಕಾಲಿನ ಮಣ್ಣು ಒರೆಸಿ ಕರೆದುಕೊಂಡು ಬಂದೆ.

ಆಷಾಢದಲ್ಲಿ ಊರಿನವರು ಮಾರಮ್ಮನಿಗೆ ಕುರಿ ಕಡಿದರು. ದಡಾರದಲ್ಲಿ ಉಳಿದ ಮಕ್ಕಳ ಹೆಸರಿನಲ್ಲಿ ಹೊತ್ತಿದ್ದ ಹರಕೆ ಅದು. ಮಧ್ಯಾಹ್ನ ಸಿದ್ದಕ್ಕ ಮುತ್ತುಗದ ಎಲೆಯಲ್ಲಿ ಏನೋ ಸುತ್ತಿಕೊಂಡು ಬಂದಳು. ಬಿಚ್ಚಿದಾಗ ಕಪ್ಪುಗೆಂಪು ಈಲಿ, ಇನ್ನೂ ಬೆಚ್ಚಗಿತ್ತು.

"ನಮ್ ಪಾಲಿಗೆ ಬಂದಿದ್ದು. ಕೆಂಡದ ಮ್ಯಾಲೆ ಸುಟ್ಟು ಮಗೀಗೆ ಕೊಡಿ. ಸುಡೋವಾಗ ರಸ ಇಳೀತದಲ್ಲ, ಅದುನ್ನ ಎರಡು ತೊಟ್ಟು ಕಣ್ಣಿಗೆ ಬುಡಿ. ಮೂರು ಕಿತ ಕೊಟ್ರೆ ಇರುಳ್ಗಣ್ಣು ಓಡೋಯ್ತದೆ. ನಮ್ ದೊಡ್ಮಗನಿಗೂ ಇಂಗೇ ಆಗಿತ್ತು ಕಣ್ರವ್ವಾ."

ಯಜಮಾನರು ಊರಲ್ಲಿರಲಿಲ್ಲ. ಇದ್ದಿದ್ದರೆ ಏನು ಹೇಳುತ್ತಿದ್ದರೋ ಗೊತ್ತಿಲ್ಲ; ಈ ತಪ್ಪನ್ನು ಅವರ ಮೇಲೆ ಹಾಕಲು ನನಗೆ ದಾರಿಯಿಲ್ಲ. ಕಣ್ಣಿಗೆ ಈಲಿಯ ರಸ ಬಿಡುವುದೆಂದರೆ ನನಗೆ ಅಸಹ್ಯವಾಯಿತು. ನಾನು ಆಸ್ಪತ್ರೆಯ ಔಷಧ ನೋಡಿದವಳು, ಓದಿದವಳು. ಅದಕ್ಕಿಂತ ಹೆಚ್ಚಾಗಿ, ಅದು ಮಾರಮ್ಮನ ಮುಂದೆ ಕಡಿದ ಕುರಿ. ಬಾಗಿಲ ಹಿಂದಿನ ಕಾಗದದ ಆ ಸಾಲು ನೆನಪಾಯಿತು. ನನಗೇಕೆ ಆ ಬುದ್ಧಿ ಬಂತೋ, ನಾನೇ ಬೇಡ ಅನ್ನುವ ಬದಲು ಮಗಳನ್ನು ಕರೆದೆ.

"ಕರುಣಾ, ಸಿದ್ದಕ್ಕ ಏನೋ ತಂದಿದ್ದಾಳೆ. ನಾವು ಏನು ಹೇಳಬೇಕು, ನೀನೇ ಹೇಳು."

ಅವಳು ಬಂದು ಕೈಕಟ್ಟಿ ನಿಂತಳು, ಪಾಠ ಒಪ್ಪಿಸುವ ಹಾಗೆ. "ವಿಗ್ರಹಕ್ಕೆ ಒಪ್ಪಿಸಿದ್ದನ್ನು ನಾವು ಊಟ ಮಾಡುವುದಿಲ್ಲ. ದಯವಿಟ್ಟು ಬೇಸರಪಟ್ಟುಕೊಳ್ಳಬೇಡಿ."

ಸಿದ್ದಕ್ಕ ಅವಳನ್ನೇ ನೋಡಿದಳು. "ಲೇ ಮಗಾ, ದೇವ್ರಿಗೆ ಕೊಡೋದ್ನ ದೇವ್ರಿಗೆ ಕೊಟ್ಬುಟ್ಟೆ. ಇದು ನಿನ್ ಕಣ್ಗೆ ತಂದಿದ್ದು ಕಣಮ್ಮ."

ಕರುಣಾ ನನ್ನ ಕಡೆ ತಿರುಗಿದಳು. ನಾನು ತಲೆಯಾಡಿಸಿದೆ. ಅವಳು ಅದೇ ಮಾತನ್ನು ಇನ್ನೊಂದು ಸಲ, ಒಂದು ಅಕ್ಷರವೂ ಬಿಡದೆ ಹೇಳಿದಳು.

ಸಿದ್ದಕ್ಕ ಜಗಳವಾಡಲಿಲ್ಲ. ಎಲೆಯನ್ನು ಮೊದಲಿದ್ದ ಹಾಗೆಯೇ ಮಡಿಸಿದಳು. "ಆಯ್ತು ಬುಡಿ. ನಿಮ್ ಕೂಸು, ನಿಮ್ ಇಷ್ಟ," ಅಂತ ಅಂಗಳ ದಾಟಿ ಹೋದಳು. ನಾನು ಒಳಗೆ ಬಂದು ಕೆಂಪು ಪೆನ್ಸಿಲು ತೆಗೆದುಕೊಂಡೆ. ಆ ಗುರುತನ್ನು ಎಲ್ಲಕ್ಕಿಂತ ದಪ್ಪವಾಗಿ ಹಾಕಿದ್ದೇನೆ. ಕಾಗದ ಈಗಲೂ ನನ್ನ ಟ್ರಂಕಿನಲ್ಲಿದೆ.

ಮಳೆಗಾಲದಲ್ಲಿ ದಿನ ಬೇಗ ಕತ್ತಲಾಗುತ್ತಿತ್ತು. ದೀಪ ಹಚ್ಚಿದ ಕೂಡಲೇ ನಮ್ಮಲ್ಲಿ ಮನೆಪ್ರಾರ್ಥನೆ. ಎಲ್ಲರೂ ಸುತ್ತ ಕೂತು ಒಬ್ಬರಾದ ಮೇಲೆ ಒಬ್ಬರು ಸತ್ಯವೇದದ ಒಂದೊಂದು ವಚನ ಓದುವುದು. ಹೊಸ ಭಾಗ ತೆಗೆಯಬೇಕಾದರೆ ನಾನು ಬೆಳಿಗ್ಗೆಯೇ ಮಕ್ಕಳಿಗೆ ಓದಿ ಅರ್ಥ ಹೇಳಿರುತ್ತಿದ್ದೆ, ಸಂಜೆ ಅವರು ತಡವರಿಸಬಾರದೆಂದು. ಕರುಣಾ ತಡವರಿಸುತ್ತಲೇ ಇರಲಿಲ್ಲ. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ, ನೀರು ಹರಿದ ಹಾಗೆ ಹೇಳುತ್ತಿದ್ದಳು. ಸಮುವೇಲ ಎಡವುತ್ತಿದ್ದ, ಅವಳು ಪಕ್ಕದಿಂದ ತಿದ್ದುತ್ತಿದ್ದಳು. ಒಂದು ಸಂಜೆ ಮಾತ್ರ, "ಅಮ್ಮಾ, ದೀಪ ಸಣ್ಣಗಾಗಿದೆ" ಅಂದಳು. ಬತ್ತಿ ಏರಿಸಿದೆ. "ಇನ್ನೂ ಸಣ್ಣಗಿದೆ" ಅಂದಳು. ಗಾಜು ಮಸಿ ಹಿಡಿಯುವಷ್ಟು ಏರಿಸಿ, "ಓದಲು ಸೋಮಾರಿತನವಾದರೆ ಹಾಗೆ ಹೇಳು, ದೀಪದ ಮೇಲೆ ಹಾಕಬೇಡ" ಎಂದು ಗದರಿದೆ. ಆಮೇಲೆ ಅವಳು ದೀಪದ ಮಾತು ಎತ್ತಲಿಲ್ಲ.

ಒತ್ತಕ್ಷರದ ಸಾಲಿಗೂ ಗುರುತು ಬಿತ್ತು.

ಹಗಲಿನಲ್ಲಿ ಅವಳು ಬಾಗಿಲಿಗೆ ಬೆನ್ನು ಹಾಕಿ ಕೂರತೊಡಗಿದಳು. ಕಣ್ಣುಜ್ಜುವುದು ಹೆಚ್ಚಾಯಿತು. ಹೊಗೆ ಅಂದುಕೊಂಡೆ, ಮಳೆಗೆ ನೆನೆದ ಸೌದೆ. ಹರಳೆಣ್ಣೆ ಹಚ್ಚಿದೆ. ಸಿದ್ದಕ್ಕ ಎದುರಿಗೆ ಸಿಕ್ಕರೂ ಕಣ್ಣಿನ ವಿಷಯ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಬೇಡವೆಂದ ಮೇಲೆ ಮತ್ತೆ ಕೇಳುವ ಮುಖ ನನಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ಯಜಮಾನರು ತುಮಕೂರಿಗೆ ಹೋಗಿದ್ದವರು ಮಕ್ಕಳಿಗೆಂದು ಹೊಸ ಪುಸ್ತಕವೊಂದನ್ನು ತಂದರು. ಕಾಗೆ, ನರಿ, ಬಾವಿಯ ಕಪ್ಪೆ, ಅಂಥ ಸಣ್ಣ ಪಾಠಗಳು. ಮಟಮಟ ಮಧ್ಯಾಹ್ನ. ಅಂಗಳದ ಬೆಳಕಿನಲ್ಲಿ ಕೂತು ಕರುಣಾಳನ್ನು ಕರೆದರು. "ಬಾಮ್ಮ, ಬೋರ್ಡಿಂಗಿನೋರು ಹೀಗೇ ಕೊಡ್ತಾರೆ, ಕಾಣದ ಪುಸ್ತಕ. ಮೊದಲನೇ ಪುಟ ಓದು ನೋಡೋಣ."

ಅವಳು ಪುಸ್ತಕ ಹಿಡಿದಳು. ಬೆರಳಿನಿಂದ ಪುಟವನ್ನು ಸವರಿದಳು. ಮೆಲ್ಲಗೆ ಕೇಳಿದಳು:

"ಅಪ್ಪಾ, ಇದು ಎಷ್ಟನೇ ಅಧ್ಯಾಯ?"

"ಅಧ್ಯಾಯ ಇಲ್ಲಮ್ಮ. ಇದು ಕಾಗೆ ಪಾಠ."

"ಯಾವ ಅಧ್ಯಾಯ ಅಂತ ಹೇಳಿದ್ರೆ ಓದ್ತೀನಿ."

ಯಜಮಾನರು ನನ್ನನ್ನು ನೋಡಿದರು. ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡು, ಅವಳನ್ನು ಬಾಗಿಲ ಬೆಳಕಿಗೆ ತಂದು, ರೆಪ್ಪೆ ಎತ್ತಿದರು. ಎಡಗಣ್ಣಿನ ಕಪ್ಪು ಬೊಂಬೆಯ ಮೇಲೆ ಅಕ್ಕಿ ತೊಳೆದ ನೀರಿನಂಥ ಪೊರೆ. ಬಲಗಣ್ಣು ಒಣಗಿ, ಹೊಳಪಿಲ್ಲದೆ, ಮೀನಂಗಡಿಯ ಮೀನಿನ ಹಾಗಿತ್ತು. ದಿನಾ ಅವಳ ತಲೆ ಬಾಚಿ, ಹಣೆ ಒರೆಸಿದವಳು ನಾನು. ನಾನು ನೋಡಿರಲಿಲ್ಲ.

"ಎಷ್ಟು ದಿನದಿಂದ ಕಾಣ್ತಾ ಇಲ್ಲ ಮಗಳೇ?"

"ಅಕ್ಷರ ಕಾಣ್ತಾ ಇಲ್ಲ ಅಷ್ಟೇ ಅಪ್ಪಾ. ನೀವು ಕಾಣ್ತೀರಿ," ಅಂದಳು, ನಮಗೆ ಸಮಾಧಾನ ಹೇಳುವ ಹಾಗೆ.

ಮಾರನೆಯ ದಿನವೇ ಗಾಡಿ ಕಟ್ಟಿಸಿ ಶಿರಾಕ್ಕೆ, ಅಲ್ಲಿಂದ ಬಸ್ಸಿನಲ್ಲಿ ತುಮಕೂರಿಗೆ ಹೋದೆವು. ಬಸ್ಸು ಎರಡು ಕಡೆ ಕೆಟ್ಟು ನಿಂತಿತು. ನಿಂತಾಗಲೆಲ್ಲ ಕರುಣಾ ನನ್ನ ಸೆರಗಿನಿಂದ ಮುಖ ಮುಚ್ಚಿಕೊಂಡು ಮಗ್ಗಿ ಹೇಳುತ್ತಿದ್ದಳು. ಹದಿನಾಲ್ಕರದು ಅವಳಿಗೆ ಇನ್ನೂ ಗಟ್ಟಿಯಾಗಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು, "ಭಾರಿ ಚುರುಕು ಕಣಮ್ಮ ನಿಮ್ ಹುಡುಗಿ. ಯಾವ್ ಸ್ಕೂಲು?" ಎಂದು ಕೇಳಿದರು. "ಮನೇಲೇ ಕಲಿಸ್ತೀನಿ" ಅಂದೆ.

ಆಸ್ಪತ್ರೆಯ ಡಾಕ್ಟರಮ್ಮ ಗಟ್ಟಿ ಹೆಂಗಸು, ಮಾತು ಕಡಿಮೆ. ಕಣ್ಣು ನೋಡಿ, ನಾಲಿಗೆ ನೋಡಿ, ಒಣಗಿದ ತೋಳಿನ ಚರ್ಮ ನೋಡಿ, "ಸಂಜೆ ಹೊತ್ತು ಕಾಣದೆ ಎಡವುತ್ತಿದ್ದಳೇ?" ಎಂದು ಕೇಳಿದರು. ಹೌದೆಂದೆ. "ಯಾವಾಗಿನಿಂದ?" ಜೂನಿನಿಂದ ಅಂದೆ. ಅವರು ಲೇಖನಿ ಕೆಳಗಿಟ್ಟರು.

"ಆಗಲೇ ಸ್ವಲ್ಪ ಹಾಲು, ನುಗ್ಗೆಸೊಪ್ಪು, ನಾಲ್ಕು ದಿನ ಕುರಿಯ ಈಲಿ ಕೊಟ್ಟಿದ್ದರೆ ಸಾಕಾಗಿತ್ತಲ್ಲ! ಈಲಿಯಷ್ಟು ಒಳ್ಳೆಯದು ಇದಕ್ಕೆ ಇನ್ನೊಂದಿಲ್ಲ. ನಿಮ್ಮ ಊರಿನ ಕಡೆ ಕುರಿ ಸಿಗುವುದಿಲ್ಲವೇ?"

"ಇದಾವೆ ಅಮ್ಮಾ," ಅಂದೆ. "ಊರ ತುಂಬ ಇದಾವೆ."

ಹದಿನೆಂಟು ದಿನ ಅಲ್ಲಿದ್ದೆವು. ದಿನಕ್ಕೆ ಎರಡು ಚಮಚ ಮೀನೆಣ್ಣೆ. ಕರುಣಾ ಮೂಗು ಹಿಡಿದು ಕುಡಿದು, "ಕೆರೆ ಕುಡಿದ ಹಾಗಿದೆ" ಅನ್ನುತ್ತಿದ್ದಳು. ಎಡಗಣ್ಣು ಹೋಯಿತು. ಬಲಗಣ್ಣು ಹೋಗುತ್ತಿದ್ದದ್ದು ಅಲ್ಲಿಗೆ ನಿಂತಿತು. ಬೆಳಕು, ನೆರಳು, ಬಣ್ಣ, ಹತ್ತಿರ ಬಂದವರ ಆಕಾರ ಕಾಣುತ್ತದೆ. ಅಕ್ಷರ ಅಂಗೈಯಷ್ಟು ದೊಡ್ಡದಿದ್ದರೆ ಕಾಣುತ್ತದೆ. ಅಂಗೈಯಷ್ಟು ಅಕ್ಷರದ ಪುಸ್ತಕವನ್ನು ಯಾರು ಅಚ್ಚು ಹಾಕುತ್ತಾರೆ? ಆಸ್ಪತ್ರೆಯ ಬೇಲಿಯ ಆಚೆಗೇ ನಾನು ಓದಿದ ಬೋರ್ಡಿಂಗು. ಬೆಳಿಗ್ಗೆ ಅಲ್ಲಿಯ ಹುಡುಗಿಯರು ಹಾಡುವುದು ಕೇಳಿಸುತ್ತಿತ್ತು. ಕರುಣಾ ಹಾಸಿಗೆಯಲ್ಲಿ ಕೂತು ಜೊತೆಗೆ ಹಾಡುತ್ತಿದ್ದಳು, ಅಷ್ಟೂ ಹಾಡು ಅವಳಿಗೆ ಬರುತ್ತಿತ್ತು. ನಾನು ಎದ್ದು ವರಾಂಡಕ್ಕೆ ಹೋಗಿಬಿಡುತ್ತಿದ್ದೆ.

ಎಣ್ಣೆಯ ಒಂದು ಸೀಸೆ ಕೊಟ್ಟು ಕಳಿಸಿದರು. ಅದು ಮುಗಿದ ಮೇಲೂ ಈಲಿ ಕೊಡುತ್ತಿರಬೇಕು, ಇಲ್ಲದಿದ್ದರೆ ಉಳಿದ ಕಣ್ಣೂ ಹೋದೀತು ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ನಮ್ಮ ಹಳ್ಳಿಯಲ್ಲಿ ಬಾಯಿರುಚಿಗೆಂದು ಕುರಿ ಕಡಿಯುವವರಿಲ್ಲ, ಕಡಿದರೆ ದೇವರಿಗೇ. ಶಿರಾದ ಸಂತೆಯಿಂದ ತರಿಸೋಣವೆಂದರೆ ಒಂದು ದಿನದ ದಾರಿ, ಈಲಿ ಅಷ್ಟು ಹೊತ್ತು ತಡೆಯುವುದಿಲ್ಲ. ಸೀಸೆ ಕಾರ್ತೀಕದಲ್ಲಿ ಮುಗಿಯಿತು. ಆ ವಾರವೇ ಸಿದ್ದಕ್ಕನ ಮನೆಯಲ್ಲಿ ಹರಕೆಯ ಕುರಿ ಕಡಿಯುವುದಿತ್ತು.

ಯಜಮಾನರು ಕೋಟು ಹಾಕಿಕೊಂಡು ಸಿದ್ದಕ್ಕನ ಅಂಗಳಕ್ಕೆ ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ, ಮಾತೆಲ್ಲ ಕೇಳಿಸುತ್ತಿತ್ತು.

"ಸಿದ್ದಕ್ಕ, ಸ್ವಲ್ಪ ಈಲಿ ಬೇಕಿತ್ತು."

ಸಿದ್ದಕ್ಕ ಕದಿರು ನಿಲ್ಲಿಸಿದಳು. "ಯಾವ್ ದೇವ್ರಿಗೆ ಕಡಿದಿದ್ದು ಅಂತ ಕೇಳಾಕಿಲ್ವಾ ಉಪದೇಶಪ್ನೋರೆ?"

"ಇಲ್ಲ ಸಿದ್ದಕ್ಕ. ಕೇಳಾಕಿಲ್ಲ."

ಅವಳು ನಗಲಿಲ್ಲ, ಹಂಗಿಸಲೂ ಇಲ್ಲ. ಕಣ್ಣೊರೆಸಿಕೊಂಡು, "ಅವತ್ತೇ ನಾನು ನಿಮ್ ಮಾತು ಕೇಳ್ದಂಗೆ ಬಾಗ್ಲಾಗೇ ಕುಂತು ಬಲವಂತವಾಗಿ ತಿನ್ನಿಸ್ಬೇಕಿತ್ತು ಕಣಪ್ಪಾ. ನಂದೇ ತಪ್ಪು," ಅಂದಳು. ಅದನ್ನು ಕೇಳಿ ನಾನು ಒಳಗೆ ಬಂದುಬಿಟ್ಟೆ. ಸಂಜೆಗೆ ಅವಳೇ ಮುತ್ತುಗದ ಎಲೆಯಲ್ಲಿ ತಂದು, ಹಿತ್ತಿಲ ಬಾಗಿಲಲ್ಲೇ ನನ್ನ ಕೈಗಿಟ್ಟು ಹೋದಳು.

ಕೆಂಡದ ಮೇಲೆ ಸುಟ್ಟು, ಉಪ್ಪು ಸವರಿ, ತಟ್ಟೆಯಲ್ಲಿಟ್ಟೆ. ಕರುಣಾ ತಟ್ಟೆಯ ಮುಂದೆ ಕೂತು, ತಲೆ ಎತ್ತಿ ಕೇಳಿದಳು. "ಇದು ಯಾರು ಕೊಟ್ಟದ್ದು ಅಮ್ಮಾ?"

ನಾನು ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿದೆ.

"ವಿಗ್ರಹಕ್ಕೆ ಒಪ್ಪಿಸಿದ್ದಾದರೆ ನಾನು ತಿನ್ನಲ್ಲ. ಕಾಗದದಲ್ಲಿ ಬರೆದಿದೆ."

ಏನು ಮಾಡಬೇಕಿತ್ತು? ಆ ಪಾಠ ತಪ್ಪು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸರಿ ಎಂದು ಹೇಳಿದರೆ ಕಣ್ಣು ಹೋಗುತ್ತದೆ. ನಾನು ಕಲಿಸಿದ್ದರಲ್ಲಿ ಅವಳು ಎಳ್ಳಷ್ಟೂ ಬಿಡದೆ ಕಲಿತದ್ದು ಅದೊಂದೇ. ನೋಡಲಾರದ ಮಗುವಿನ ಮುಂದೆ ಕೂತು ಹೇಳಿದೆ: "ಅಪ್ಪ ಶಿರಾದಿಂದ ತಂದದ್ದು. ಅಂಗಡಿಯದು."

ಯಜಮಾನರು ಎದುರಿಗೇ ಇದ್ದರು. ಹೆಂಡತಿಯ ಸುಳ್ಳಿಗೆ ಅವರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಊಟದ ಪ್ರಾರ್ಥನೆ ಹೇಳಿದರು. ಆಮೇಲೆ ತಟ್ಟೆಗೆ ಕೈಹಾಕಿ ಮೊದಲ ತುಂಡನ್ನು ತಾವು ತಿಂದರು. ಕರುಣಾ ಒಂದು ಕ್ಷಣ ಮುಖ ಆ ಕಡೆ ಈ ಕಡೆ ತಿರುಗಿಸಿ, ಎರಡನೆಯದನ್ನು ತೆಗೆದುಕೊಂಡಳು. ಆಮೇಲೆ ತಿಂಗಳಿಗೆ ಒಂದೆರಡು ಸಲ ಹಾಗೆಯೇ ನಡೆಯಿತು, ನಮ್ಮನ್ನು ಶಿರಾದ ಸಭೆಗೆ ವರ್ಗ ಮಾಡುವವರೆಗೆ. ಇಲ್ಲಿಗೆ ಬಂದು ನಾನು ಮೊದಲು ಮಾಡಿದ ಕೆಲಸ ಹಿತ್ತಿಲಲ್ಲಿ ನುಗ್ಗೆಯ ಕೊಂಬೆ ನೆಟ್ಟದ್ದು.

ಆ ಡಿಸೆಂಬರಿನ ಕೊನೆಯ ದಿನ ಕಾಗದ ಕಿತ್ತೆ. ಎಲ್ಲಕ್ಕೂ ಕೆಂಪು ಗುರುತು ಬಿದ್ದಿತ್ತು, ಕಟ್ಟಕಡೆಯ ನನ್ನದೊಂದು ಬಿಟ್ಟು. ಮಾರನೆಯ ದಿನ ಹೊಸ ಕಾಗದ ಬರೆಯಲಿಲ್ಲ. ಆಮೇಲೆ ಯಾವ ವರ್ಷವೂ ಬರೆಯಲಿಲ್ಲ.

ಇಷ್ಟು ನೆನೆಸಿಕೊಂಡು ನಾನು ಮೆಟ್ಟಿಲ ಮೇಲೆ ಕೂತಿರುವಾಗಲೇ ಜುಲೇಖಾಬಿ ಬಂದಳು, ಬಟ್ಟಲ ಮೇಲೆ ತಟ್ಟೆ ಮುಚ್ಚಿಕೊಂಡು. "ಅಕ್ಕಾ, ಮಕ್ಕಳ ಕೈಲಿ ಕಳ್ಸಿದ್ರೆ ದಾರೀಲೇ ಅರ್ಧ ಖಲಾಸ್ ಮಾಡ್ತಾವೆ ಅಂತ ನಾನೇ ತಂದೆ. ಕರುಣಾಬೇಟಿಗೆ ಅಂತ್ಲೇ ಎತ್ತಿಟ್ಟಿದ್ದು. ನನ್ ಮೊಮ್ಮಕ್ಕಳಿಗೆ ಮಗ್ಗಿ ಹೇಳಿ ಹೇಳಿ ಅವಳ ಗಂಟಲು ಒಣಗೋಗೈತೆ."

ಬಟ್ಟಲು ಇಸಿದುಕೊಂಡೆ. ಒಳಗೆ ತಂದಾಗ ಕರುಣಾ ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳಿಗೀಗ ಹದಿನೆಂಟು ದಾಟಿತು. ನಾನು ಏನಾದರೂ ಹೇಳುವ ಮುಂಚೆ ಅವಳೇ ಅಂದಳು, "ಕಲೇಜಿ. ಜುಲೇಖಾಬೀದು."

"ವಾಸನೆಗೇ ಗೊತ್ತಾಯಿತೇ?"

"ಅದರದ್ದಲ್ಲ. ಅವಳ ಅತ್ತರಿನ ವಾಸನೆ." ಒಂದು ಕಾಯಿ ಸುಲಿದು ಕಾಳು ಬುಟ್ಟಿಗೆ ಹಾಕಿ ಸೇರಿಸಿದಳು. "ಆಗ ಸಿದ್ದಕ್ಕ ತಂದಾಗ ಕಂಬಳಿ ವಾಸನೆ ಬರ್ತಿತ್ತಲ್ಲ, ಹಾಗೇ."

ಕೈಯಲ್ಲಿದ್ದ ಬಟ್ಟಲನ್ನು ಎಲ್ಲಿಡುವುದೆಂದು ನನಗೆ ತಿಳಿಯಲಿಲ್ಲ. "ಗೊತ್ತಿತ್ತೇ ನಿನಗೆ?"

"ಎಲೆ ಬಿಚ್ಚಿದಾಗಲೇ ಗೊತ್ತಾಯ್ತು."

"ಮತ್ತೆ ಯಾಕೆ ತಿಂದೆ?"

ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನೀನು ಸುಳ್ಳು ಹೇಳಿದ್ದನ್ನ ನಾನು ಅದೇ ಮೊದಲು ಕೇಳಿದ್ದು ಅಮ್ಮಾ. ಹೆದರಿಕೆಯಾಯ್ತು. ಅಮ್ಮನೇ ಸುಳ್ಳು ಹೇಳ್ಬೇಕಾದ್ರೆ ನನ್ನ ಕಣ್ಣು ಎಷ್ಟು ಕೆಟ್ಟಿರಬೇಕು ಅನ್ನಿಸ್ತು. ತಿಂದುಬಿಟ್ಟೆ."

ಹತ್ತು ವರ್ಷದಿಂದ ಅವಳಿಗೆ ಹೇಳಬೇಕು ಎಂದುಕೊಂಡ ಮಾತುಗಳು ನನ್ನ ಹತ್ತಿರ ಬಹಳ ಇದ್ದವು. ಬಟ್ಟಲನ್ನು ಕೆಳಗಿಟ್ಟೆ. ಅವಳ ಪಕ್ಕದಲ್ಲಿ ಕೂತು ನಾನೂ ಅವರೆಕಾಯಿ ಸುಲಿದೆ.

ಸಂಜೆ ಮುದ್ದೆ, ನುಗ್ಗೆಸೊಪ್ಪು ಅವರೆಕಾಳಿನ ಸಾರು, ಜುಲೇಖಾಬಿಯ ಕಲೇಜಿ. ಯಜಮಾನರು ಪ್ರಾರ್ಥನೆ ಹೇಳಿ, ರೂಢಿಯಂತೆ ಮೊದಲ ತುಂಡು ತಾವು ತಿಂದರು. ಕರುಣಾ ಎರಡು ಸಲ ಹಾಕಿಸಿಕೊಂಡಳು. ಉಳಿದ ಒಂದು ತುಂಡನ್ನು ನಾನು ತಿಂದೆ. ಆ ವರ್ಷದಿಂದೀಚೆಗೆ ನಾನು ಈಲಿ ತಿಂದದ್ದು ಇವತ್ತೇ. ಊಟವಾದ ಮೇಲೆ ಯಜಮಾನರು ಗುಂಡಿ ಹಾಕಿದ ಕೋಟನ್ನು ತೊಟ್ಟು ನೋಡಿ, ಬಣ್ಣ ಬೇರೆಯೆಂದು ಗೊಣಗಿ, ನಾಳೆಯ ಬೋಧನೆ ಬರೆಯಲು ಕೂತರು. ಮೊದಲು ನಿದ್ದೆ ಹೋದವಳು ಕರುಣಾ. ಲಾಂದ್ರ ಉರಿದರೂ ಆರಿದರೂ ಅವಳಿಗೆ ಹೆಚ್ಚು ಕಡಿಮೆ ಒಂದೇ, ಆದರೂ ಅವಳ ಉಸಿರು ನಿಧಾನವಾಗುವವರೆಗೆ ನಾನು ಬತ್ತಿ ಇಳಿಸುವುದಿಲ್ಲ.